ಎಸ್ತೇರಮ್ಮ ಕೊಡಲಾರೆನೆಂದ ರೊಟ್ಟಿ

ಓದುತ್ತಾ ಹೋದಂತೆ ನಿಮಗೆ ಸಿಟ್ಟು ಬಂದರೆ ತಡೆಯಬೇಡಿ… ಈ ಕಥೆಯಲ್ಲಿ ಸಿಟ್ಟಿಗೂ ಒಂದು ಜಾಗವಿದೆ.

ಬೆಟಗೇರಿ ಕಡೆಯ ಒಂದು ಚಿಕ್ಕ ಕ್ರೈಸ್ತ ಸಭೆ. ಎಸ್ತೇರಮ್ಮ ಅಲ್ಲಿ ಸಂಡೇ ಸ್ಕೂಲ್ ಟೀಚರ್.

ಯೇಸುವನ್ನು ನಂಬಿದವರಿಗೆ ನಿತ್ಯಜೀವ, ಅದು ದುಡಿದು ಪಡೆಯುವ ಸಂಬಳವಲ್ಲ ಮಕ್ಕಳೇ… ಎಂದು ವರ್ಷಗಟ್ಟಲೆ ಕಲಿಸಿದವಳು.

ಆಕೆಗೂ ಆ ಮಾತೇ ಆಸರೆ. ಒಬ್ಬಳೇ ಮಗಳು ನವೋಮಿ, ಕಿಡ್ನಿ ಕೆಟ್ಟು, ಇನ್ನೂ ಲಂಗ ಹಾಕುವ ವಯಸ್ಸಿನಲ್ಲೇ ತೀರಿಕೊಂಡಿದ್ದಳು.

ಮಗಳು ಕರ್ತನಾದ ಯೇಸುವಿನ ಬಳಿ ಇದ್ದಾಳೆ, ಒಂದು ದಿನ ನಾನೂ ಹೋಗಿ ಸೇರುತ್ತೇನೆ… ಆ ನಂಬಿಕೆ ಹಿಡಿದೇ ಎಸ್ತೇರಮ್ಮ ಬೆಳಿಗ್ಗೆ ಎದ್ದು ಒಲೆ ಹಚ್ಚುತ್ತಿದ್ದುದು.

ಗಂಡ ರತ್ನಾಕರ? ಮಗಳ ಕಾಯಿಲೆ ಗೊತ್ತಾದ ವರ್ಷವೇ ಹುಬ್ಬಳ್ಳಿಗೆ ಹೋಗಿ ಬೇರೊಬ್ಬಳ ಜೊತೆ ಮನೆ ಮಾಡಿದ.

ಆಸ್ಪತ್ರೆಯಿಂದ ಫೋನ್ ಮಾಡಿದರೆ ಕಟ್ ಮಾಡುತ್ತಿದ್ದ. ಮಗಳ ಮಣ್ಣಿಗೂ ಬರಲಿಲ್ಲ.

ಅಂಥವನು ಈಗ ತಿರುಗಿ ಬಂದಿದ್ದ… ಲಿವರ್ ಪೂರ್ತಿ ಕೆಟ್ಟ ಮೇಲೆ. ಅಕ್ಕ ಲೀಲಾಬಾಯಿಯ ಮನೆಯ ಪಡಸಾಲೆಯಲ್ಲಿ ಮಲಗಿದ್ದ. ಡಾಕ್ಟರ್ ಕೈ ಬಿಟ್ಟಿದ್ದರು.

ಸಭೆಯ ಪಾಸ್ಟರ್ ಅಯ್ಯನವರು ದಿನಾ ಹೋಗಿ ಅವನ ಜೊತೆ ಪ್ರಾರ್ಥನೆ ಮಾಡಿದರು. ಒಂದು ದಿನ ಅವನು ಅತ್ತು, ಪಾಪ ಒಪ್ಪಿಕೊಂಡು, ಯೇಸುವನ್ನು ನಂಬುತ್ತೇನೆ ಎಂದನಂತೆ. ಸಾಯುವ ಮೊದಲು ಪ್ರಭು ಭೋಜನ, ಅಂದರೆ ಯೇಸುವಿನ ನೆನಪಿಗೆ ಸಭೆಯವರು ಹಂಚಿಕೊಳ್ಳುವ ರೊಟ್ಟಿ ಮತ್ತು ದ್ರಾಕ್ಷಾರಸ, ಬೇಕು ಎಂದನಂತೆ.

ಆ ಸಭೆಯಲ್ಲಿ ಹಿರಿಯರ ಕಾಲದ ಒಂದು ಪದ್ಧತಿ ಇದೆ. ಸಭೆಯಿಂದ ದೂರ ಹೋದವನು ತಿರುಗಿ ಬಂದರೆ, ಭೋಜನದ ರೊಟ್ಟಿಯನ್ನು ಅವನಿಗೆ ಅಯ್ಯನವರು ಕೊಡುವುದಿಲ್ಲ…

ಅವನಿಂದ ಎಲ್ಲರಿಗಿಂತ ಹೆಚ್ಚು ನೊಂದವರು ಕೊಡಬೇಕು.

ಅಯ್ಯನವರು ಎಸ್ತೇರಮ್ಮನ ಬಾಗಿಲಿಗೆ ಬಂದರು. ಆಕೆ ಕುಳಿತುಕೊಳ್ಳಿ ಎನ್ನಲಿಲ್ಲ.

"ನಂಬೀನಿ ಅಂದ ಕೂಡ್ಲೇ ಆತೇನ್ರಿ ಅಯ್ಯನೋರ? ಅವಗೂ ನಿತ್ಯಜೀವ?"

"ಹೌದವಾ. ನೀವು ರೊಟ್ಟಿ ಕೊಟ್ರೂ ಐತಿ, ಕೊಡದಿದ್ರೂ ಐತಿ. ಅದನ್ನ ಕೊಡಾಂವ ಕರ್ತ."

ಮೈಗೆ ಬೆಂಕಿ ಇಟ್ಟ ಹಾಗಾಯಿತು ಆಕೆಗೆ.

"ಹಂಗಾದ್ರ ನನಗಿಂತ ಮೊದಲ ಅಂವ ನನ್ನ ಮಗಳನ್ನ ನೋಡ್ತಾನ. ವಾಂತಿ ಬಳದಾಕಿ ನಾನು, ಹೊತ್ತುಗೊಂಡು ಡಯಾಲಿಸಿಸ್‌ಗೆ ತಿರಗಿದಾಕಿ ನಾನು… ಮಾರಿ ತೋರಸದಾಂವ ಮೊದಲ ಹೋಗಿ ಆಕಿನ್ನ ತಬ್ಕೋತಾನ. ಇದು ಯಾವ ನ್ಯಾಯರೀ?"

ಸಿಟ್ಟು ತಪ್ಪು ಎಂದು ಅಯ್ಯನವರು ಹೇಳಲಿಲ್ಲ. ಭಾನುವಾರ ಮಧ್ಯಾಹ್ನ ಲೀಲಾಬಾಯಿಯ ಮನೆಯಲ್ಲಿ ಭೋಜನ ಇಟ್ಟಿರುತ್ತೇನೆ, ಬರುವುದಾದರೆ ಸಿಟ್ಟಿನ ಜೊತೆಗೇ ಬನ್ನಿ ಎಂದು ಹೋದರು.

ಆಮೇಲೆ ಸಭೆಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಟೀಚರ್ ಆದವಳು ಕ್ಷಮಿಸದಿದ್ದರೆ ಹೇಗೆ, ಮಕ್ಕಳಿಗೆ ಏನು ಕಲಿಸುತ್ತೀ ಎಂದರು.

ಕ್ಷಮಿಸು ಎನ್ನುವುದು ಎಷ್ಟು ಸುಲಭ ನೋಡಿ… ನೋವು ಬೇರೆಯವರದಾಗಿದ್ದರೆ.

ಭಾನುವಾರ ಎಸ್ತೇರಮ್ಮ ಹೋದಳು. ರೊಟ್ಟಿ ಕೊಡುವುದಕ್ಕಲ್ಲ… ಕೊಡುವುದಿಲ್ಲ ಎಂದು ಅವನ ಮುಖಕ್ಕೇ ಹೇಳುವುದಕ್ಕೆ.

ಪಡಸಾಲೆಯಲ್ಲಿ ಬಿಳಿ ಬಟ್ಟೆ ಹಾಸಿದ ಟೇಬಲ್, ತಟ್ಟೆಯಲ್ಲಿ ರೊಟ್ಟಿ, ಪಕ್ಕದಲ್ಲಿ ದ್ರಾಕ್ಷಾರಸದ ಬಟ್ಟಲು. ಮಂಚದ ಮೇಲೆ ಹಳದಿಗಟ್ಟಿದ ಒಂದು ಮುಖ.

ಆಕೆ ಹೇಳಬೇಕಾದುದನ್ನು ನಿಂತುಕೊಂಡೇ ಹೇಳಿದಳು. ಮಗಳ ಹೆಸರು ಹಿಡಿದು, ಒಂದೊಂದನ್ನೂ ಹೇಳಿದಳು.

ಲೀಲಾಬಾಯಿಗೆ ತಡೆಯಲಾಗಲಿಲ್ಲ. "ಸಾಯೋ ಮನಷ್ಯಾನ ಮ್ಯಾಲೆ ಇಷ್ಟು ಸಿಟ್ಟು ಬ್ಯಾಡ ತಗೋ ಟೀಚರವ್ವ."

"ಸಾಯೋ ಕೂಸಿನ ಕಡೆ ಕಳಸಬೇಕಿತ್ತು ನಿಮ್ಮ ತಮ್ಮನ್ನ. ಆವಾಗ ಎಲ್ಲಿ ಹೋಗಿತ್ತು ಈ ಬಾಯಿ?"

ಲೀಲಾಬಾಯಿ ತಲೆ ತಗ್ಗಿಸಿದಳು.

ಆಗ ರತ್ನಾಕರ ಕಣ್ಣು ಬಿಟ್ಟ. ಎಸ್ತೇರಮ್ಮನನ್ನು ನೋಡುವ ಧೈರ್ಯವಾಗದೆ ಅಯ್ಯನವರ ಕಡೆ ತಿರುಗಿದ.

"ರೊಟ್ಟಿ ಎತ್ತಿಡ್ರಿ ಅಯ್ಯನೋರ… ಆಕಿ ಹೇಳೂದು ಖರೇ ಐತಿ. ನನಗೋಸ್ಕರ ಇಷ್ಟು ಪ್ರಾರ್ಥನಾ ಮಾಡ್ರಿ… ಸ್ವರ್ಗದ ಒಳಗ ಬಿಟ್ರೂ, ಎಲ್ಲ್ಯಾರ ಮೂಲ್ಯಾಗ ಇಡು ಅಂತ. ಕೂಸು ಮೊದಲ ಅವ್ವನ್ನ ನೋಡ್ಲಿ. ನನ್ನ ಆಮ್ಯಾಲೆ…"

ಮಗಳಿಗಾಗಿ ಅವನು ತನ್ನದೊಂದನ್ನು ಬಿಟ್ಟುಕೊಟ್ಟದ್ದು ಅದೇ ಮೊದಲು…

ಎಸ್ತೇರಮ್ಮನ ಸಿಟ್ಟು ಕರಗಲಿಲ್ಲ. ಇನ್ನೂ ಏರಿತು. ಏರಿ ಕಣ್ಣಿಗೆ ಬಂತು. ಆಕೆ ಕುರ್ಚಿ ಎಳೆದು ಅವನ ಪಕ್ಕ ಕುಳಿತಳು.

"ಅಲ್ಲೂ ಮೂಲಿ ಹಿಡದು ತಪ್ಪಿಸ್ಕೋತಿಯೇನು?"

ಆಕೆ ಅವನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಕಡೀತನಕ ಆಕಿ ಬಾಗಲಾನ ನೋಡಿದ್ಲು. ಅಪ್ಪ ಯಾಕ ಬರವಲ್ಲ ಅಂತ ಕೇಳಿದ್ಲು. ನನಗ ಏನು ಹೇಳಬೇಕೋ ತಿಳೀಲಿಲ್ಲ… ಹೋಗು. ನನಗಿಂತ ಮೊದಲ ಹೋಗು. ಆಕಿ ಮುಂದ ಮೊಣಕಾಲೂರಿ ನೀನ ಹೇಳು."

ಆಕೆ ರೊಟ್ಟಿ ಮುರಿದಳು. ತುಂಡನ್ನು ಅವನ ತುಟಿಗೆ ಹಿಡಿದಳು.

"ಇದು ನನ್ನ ರೊಟ್ಟಿ ಆಗಿದ್ರ ಕೊಡ್ತಿರಲಿಲ್ಲ… ನಂದಲ್ಲ."

ಅವನು ಅಳುತ್ತಲೇ ತಿಂದ. ಉಳಿದ ತುಂಡನ್ನು ಆಕೆ ತನ್ನ ಬಾಯಿಗೆ ಹಾಕಿಕೊಂಡಳು… ಅದೇ ರೊಟ್ಟಿ.

ಮಗಳು ಸತ್ತಾಗ ಎಲ್ಲರೂ ಧೈರ್ಯವಂತೆ ಎಂದು ಹೊಗಳಿದ್ದ ಹೆಂಗಸು, ಅವತ್ತು ಲೀಲಾಬಾಯಿಯ ಹೆಗಲ ಮೇಲೆ ಬಿದ್ದು ಅತ್ತಳು.

ಆ ವಾರವೇ ರತ್ನಾಕರ ತೀರಿಕೊಂಡ. ಮಣ್ಣು ಮುಗಿಸಿ ಬರುವಾಗ ಯಾರೋ ಮೆಲ್ಲಗೆ ಕೇಳಿದರು, ಈಗಲಾದರೂ ಸಿಟ್ಟು ಹೋಯಿತೇ ಎಂದು.

ಎಸ್ತೇರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಎಲ್ಲಿ ಹೋಗತೈತ್ರಿ ಅಷ್ಟು ಲಗೂನ? ಮ್ಯಾಲೆ ಸ್ವರ್ಗದಾಗ ಬೇಕಾದಷ್ಟು ಟೈಮ್ ಐತಲ್ಲ… ಮಗಳನ್ನ ನಡುವ ಕುಂಡ್ರಿಸ್ಕೊಂಡು ಮಾತಾಡಿ ತೀರಸ್ತೀನಿ."

ಸ್ವರ್ಗದ ಬಾಗಿಲು ನಮ್ಮ ಸಿಟ್ಟನ್ನು ಕೇಳಿ ಮುಚ್ಚುವುದಿಲ್ಲ… ನಂಬಿ ಬಂದವನಿಗೆ ಅದು ತೆರೆದೇ ಇರುತ್ತದೆ.

ನಾಳೆ ಆ ಬಾಗಿಲಲ್ಲಿ ನಿಮಗಿಂತ ಮೊದಲು ಒಳಗೆ ಹೋಗಿ ನಿಂತಿರುವವರು, ನೀವು ಇವತ್ತಿಗೂ ಸಿಟ್ಟಿನಿಂದ ಹೆಸರು ಹೇಳಲಾರದ ಆ ಒಬ್ಬರೇ ಆಗಿದ್ದರೆ…?