ಅವ್ವ ಕಾಲು ತೆಗೆದ ಗಳಿಗೆ

ಗಂಗಾವತಿಯ ನನ್ನ ಗ್ಯಾರೇಜಿನಲ್ಲಿ ಹಳೆಯ ಗಾಡಿಯ ಥ್ರಾಟಲ್ ಬಿಚ್ಚಿದಾಗ ಪೆಟ್ರೋಲು, ಮಸಿ ಬೆರೆತ ವಾಸನೆ ಬಂದರೆ ನಮ್ಮೂರು ತಳಕಲ್ಲಿನ ಆ ಮಧ್ಯಾಹ್ನ ಇವತ್ತಿಗೂ ನೆನಪಾಗುತ್ತದೆ.

ಅಪ್ಪನ ಜೀಪು ಪ್ರತಿ ಹುಣ್ಣಿಮೆಗೆ ಹುಲಿಗಿಯ ದೇವಿ ಗುಡಿಗೆ ಭಕ್ತರನ್ನು ಒಯ್ಯುತ್ತಿತ್ತು. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಎಂಜಿನ್ ನಿಂತುಬಿಡುತ್ತಿತ್ತು. ನಿಂತರೆ ಮತ್ತೆ ಎಬ್ಬಿಸಲು ಹತ್ತು ಮಂದಿ ತಳ್ಳಬೇಕು. ಹಾಗಾಗಿ ಅಪ್ಪ ಇಳಿದಾಗಲೆಲ್ಲ ಅವ್ವ ಆಕ್ಸಿಲರೇಟರ್ ಒತ್ತಿಕೊಂಡು ಕೂರಬೇಕಿತ್ತು. ಗುಡಿ ಮುಂದೆಯೂ ಅಷ್ಟೇ; ಅವಳು ಒಳಗೆ ಹೋಗಿದ್ದೇ ಇಲ್ಲ.

"ನಾಳಿ ನಾನೂ ಗುಡಿಯೊಳಗ ಹೋಗಾಕಿ," ಎಂದಳು ಹುಣ್ಣಿಮೆಯ ಹಿಂದಿನ ಆ ಮಧ್ಯಾಹ್ನ, ಮನೆ ಮುಂದೆ ಚಾಲೂ ಇದ್ದ ಜೀಪಿನ ಆಕ್ಸಿಲರೇಟರ್ ಒತ್ತಿ ಕೂತಿದ್ದ ಅವ್ವ.

"ಹೋಗು. ಗಾಡಿ ಯಾರು ಹಿಡೀತಾರ, ನಿಮ್ಮಪ್ಪ?" ಎಂದ ಅಪ್ಪ.

ಸಾಲಿ ಬಿಟ್ಟು ಅಪ್ಪನ ಜೊತೆ ತಿರುಗುತ್ತಿದ್ದ ನಾನು ಬಾನೆಟ್ ಎತ್ತಿ, ಥ್ರಾಟಲಿನ ಪಕ್ಕದ, ಕಾಲು ತೆಗೆದಾಗ ಎಂಜಿನ್ನಿನ ಓಟ ಹದ ಮಾಡುವ ಸಣ್ಣ ಸ್ಕ್ರೂ ತಿರುಗಿಸತೊಡಗಿದೆ.

"ಡಾಕ್ಟರ್ ಸಾಹೇಬ್ರು ಬಂದ್ರು ನೋಡ!" ಅಪ್ಪ ನಕ್ಕ.

ಅವ್ವನ ಪಾದಕ್ಕೆ ಆ ಎಂಜಿನ್ನಿನ ನಡುಕ ಚೆನ್ನಾಗಿ ಗೊತ್ತಿತ್ತು. "ಇನ್ನಷ್ಟು ಬಿಗಿ ಮಾಡು ತಮ್ಮಾ... ಭಾಳಾತು... ಹಾಂ, ಅಲ್ಲೇ ಬಿಡು."

ಅವಳು ಮೆಲ್ಲಗೆ ಕಾಲು ತೆಗೆದಳು. ಎಂಜಿನ್ ಒಮ್ಮೆ ತಡವರಿಸಿ, ಹದಕ್ಕೆ ಬಂದು, ಗುಡುಗುಡು ಎನ್ನುತ್ತಲೇ ಇತ್ತು. ಅಪ್ಪನ ನಗು ನಿಂತಿತು.

ಮರುದಿನ ಹುಲಿಗಿಯಲ್ಲಿ ಜನ ಇಳಿಯುವ ಮೊದಲೇ ಅವ್ವ ಇಳಿದು, ಸೆರಗು ಸರಿಮಾಡಿಕೊಂಡು, ಹಿಂದೆ ತಿರುಗಿ ನೋಡದೆ ಗುಡಿಯೊಳಗೆ ನಡೆದಳು.