ಹೆಪ್ಪುಗಟ್ಟದ ಡಾಂಬರು

ಯಂತ್ರದ ಒತ್ತಡಕ್ಕೆ, ಪರೀಕ್ಷೆಗೆಂದು ಜಲ್ಲಿ ಬೆರೆಸಿ ಮಾಡಿದ ಡಾಂಬರಿನ ಬಿಲ್ಲೆ ಎರಡು ಹೋಳಾಯಿತು. ನೀರಲ್ಲಿ ನೆನೆಸಿ, ಹೆಪ್ಪುಗಟ್ಟಿಸಿ ಕರಗಿಸಿದ ಮೇಲೂ ತೊಂಬತ್ತಾರು ಪರ್ಸೆಂಟ್ ಬಲ ಉಳಿದಿದೆ ಎಂದು ಪರದೆ ತೋರಿಸಿತು. ಎಂಬತ್ತು ಸಾಕಿತ್ತು. ಸಿಂಗಪುರದ ಜುರಾಂಗಿನ ಈ ಲ್ಯಾಬ್‌ನಿಂದ ಐದು ಗಂಟೆಯೊಳಗೆ ಸಹಿ ಹೋದರೆ ನಾಳೆಯೇ ಲಡಾಖಿನಲ್ಲಿ ರಸ್ತೆಗೆ ಡಾಂಬರು ಬೀಳುತ್ತದೆ.

ಎಂಜಿನಿಯರ್ ಆಶ್ರಿತಾ ಪೆನ್ನು ಕೆಳಗಿಟ್ಟು ಒಡೆದ ಹೋಳನ್ನು ಬೆಳಕಿಗೆ ಹಿಡಿದಳು. ಒಳಗೆ ಹೊಕ್ಕ ನೀರು ಮಂಜುಗಡ್ಡೆಯಾಗಿ ಹಿಗ್ಗಿ ಕರಗಿದ್ದರೆ, ಡಾಂಬರು ಸುಲಿದು ಅಲ್ಲಲ್ಲಿ ಬರಿಗಲ್ಲು ಕಾಣಲೇಬೇಕು. ಇಲ್ಲಿ ಒಂದೊಂದು ಕಲ್ಲೂ ಕಪ್ಪಗೆ ಮಿರುಗುತ್ತಿತ್ತು.

"ಕೃಷ್ಣಪ್ಪ ಅಂಕಲ್, ಇದನ್ನ ಹದಿನಾರು ಗಂಟೆ ಫ್ರೀಜ್ ಮಾಡಿದ್ರಾ?"

ಹಳೆಯ ಟೆಕ್ನಿಷಿಯನ್ ಕೃಷ್ಣಪ್ಪ ಕೈ ಒರೆಸಿಕೊಂಡರು. "ಒಂದು ಗಂಟೆ ಇಟ್ಟಿದ್ದೆ. ಆಮೇಲೆ ತೆಗೆದು ಬಿಸಿನೀರಿಗೆ ಹಾಕ್ದೆ. ಚಳಿಯೇ ಇಲ್ಲದ ಇಲ್ಲಿನ ರೋಡ್‌ಗೆ ಯಾವಾಗ್ಲೂ ಅಷ್ಟೇ ಅಲ್ವಾ."

"ಇದು ಇಲ್ಲಿನ ರೋಡ್ ಅಲ್ಲ. ಯಾಕೆ ತೆಗೆದ್ರಿ?"

ಅವರು ಫ್ರೀಜರಿನ ಬಾಗಿಲು ತೆರೆದರು. "ಸ್ವಲ್ಪ ಜಾಗ ಮಾಡ್ಕೊಡಿ ಅಂದಿದ್ದು ನೀವೇ ಅಲ್ವಾಮ್ಮ."

ಗೃಹಪ್ರವೇಶದ ಹೋಳಿಗೆಗೆಂದು ಅವಳು ತಂದಿಟ್ಟಿದ್ದ ತೆಂಗಿನತುರಿಯ ಪೊಟ್ಟಣಗಳು ಒಳಗೆ ಕಲ್ಲಾಗಿ ಕೂತಿದ್ದವು. ಮೇಜಿನ ಮೇಲಿನ ಫೋನಿಗೆ ಲಡಾಖಿನ ಕರೆ ಬರತೊಡಗಿತು. ಆಶ್ರಿತಾ ವರದಿಯ ಮೇಲೆ 'ಪರೀಕ್ಷೆ ಅಮಾನ್ಯ' ಎಂದು ಬರೆದಳು. ಕಾರಣದ ಸಾಲಿನಲ್ಲಿ 'ಟೆಕ್ನಿಷಿಯನ್' ಎಂದು ಬರೆದು, ಒಂದು ಕ್ಷಣ ನೋಡಿ, ಅದನ್ನು ಹೊಡೆದುಹಾಕಿ ತನ್ನ ಹೆಸರು ಬರೆದಳು.