ಉಳಿಸಿಕೊಂಡ ಉಸಿರು

ಸ್ಪೀಕರಿನಲ್ಲಿ ಅವಳು ಬರೆದ ರ‍್ಯಾಪ್ ಹಾಡು ಶುರುವಾಯಿತು. ದನಿ ಮಾತ್ರ ಯಾರೋ ಗಂಡಸಿನದು. ಅವಳ ಅಮ್ಮ ಹೊಲಿಗೆ ಕಾರ್ಖಾನೆಯಲ್ಲಿ ನಿಂತೇ ಕಳೆದ ಇಪ್ಪತ್ತು ವರ್ಷವನ್ನು ಅವನು ತನ್ನದೆಂಬಂತೆ ಹೇಳುತ್ತಿದ್ದ.

"ನಾನು ಹಾಡಿದ್ದು ಎಲ್ಲಿ ಸರ್?"

"ಹೆಣ್ಣು ದನಿಗೆ ಅಷ್ಟು ಖಾರ ಒಗ್ಗಲ್ಲಮ್ಮ," ಎಂದ ನಿರ್ಮಾಪಕ. "ಹಾಗಂತ ನಿನ್ನ ಪೂರ್ತಿ ಕೈಬಿಟ್ಟಿಲ್ಲ, ಕೇಳು."

ಸಾಲುಗಳ ನಡುವೆ ಅವಳು ಎಳೆದುಕೊಂಡಿದ್ದ ಉಸಿರನ್ನಷ್ಟೇ ಕತ್ತರಿಸಿ, ನಿಧಾನಿಸಿ, ಅವನ ದನಿಯ ಕೆಳಗೆ ಜೋಡಿಸಿದ್ದರು. ಹಾಸಿಗೆಯಲ್ಲಿ ನರಳಿದಂತೆ ಕೇಳುತ್ತಿತ್ತು. ದನಿಯನ್ನು ಹೇಗೆ ಬೇಕಾದರೂ ಬಳಸಬಹುದೆಂಬ ಕರಾರಿಗೆ ಅವಳು ಎಂದೋ ಸಹಿ ಹಾಕಿಯಾಗಿತ್ತು.

ಮಗಳ ಹಾಡು ಕೇಳಲೆಂದೇ ರಜೆ ಹಾಕಿ ಬಂದಿದ್ದ ಅಮ್ಮ ಸೋಫಾದ ಅಂಚಿನಲ್ಲಿ ಮೈಯೆಲ್ಲ ಕಿವಿಯಾಗಿ ಕೂತಿದ್ದಳು. "ಥೂ, ಯಾರೇ ಅವಳು, ಮಾನಗೆಟ್ಟವಳು? ನಿನ್ನ ದನಿ ಯಾವಾಗ ಬರುತ್ತೆ?"

ಮಗಳು ಉಸಿರು ಬಿಗಿಹಿಡಿದಳು.